ಪೂಜೆಗಿಟ್ಟ ಸ್ಟೀರಿಯೊ ಬಾಯಿಬಿಟ್ಟಿತು

“ರೀ, ಆ ಸೆಟ್ಟು ವಾಪಸ್ ಕೇಳಿದ್ರಾ ಇಲ್ವಾ? ಅದಿಲ್ದೆ ಮನೆಗೆ ಬಂದ್ಬುಟ್ಟೀರಾ, ಹುಷಾರು!”

ಹೀಗೆ ಗುಡುಗಿದ್ದು ಸರಸ್ವತಿಪುರಂನ ನಮ್ಮ ಮನೆಯ ಶೋಕೇಸಿನಲ್ಲಿದ್ದ ಕಾರ್ ಸ್ಟೀರಿಯೊ. ಅಂದು ಆಯುಧಪೂಜೆ. ಬೆಳಿಗ್ಗೆ ನನ್ನ ಹೆಂಡತಿ ಅದಕ್ಕೂ ಕುಂಕುಮವಿಟ್ಟು ಚೆಂಡುಹೂವು ಮುಡಿಸಿದ್ದಳು.

ಅವಳ ತಮ್ಮ ಮಹೇಶ ಹಳೆಯ ಕಾರು ಮಾರುವಾಗ, ತನ್ನ ಹೆಂಡತಿಯನ್ನು ಕೇಳದೆ ಬಿಚ್ಚಿ ನನಗೆ ಕೊಟ್ಟ ಸೆಟ್ಟು ಅದು. ನಾನು ಕೆಳಗೆ ಬ್ಯಾಟರಿ, ಪಕ್ಕಕ್ಕೆ ದನಿ ದಪ್ಪಗಾಗಿಸುವ ದೊಡ್ಡ ವೂಫರ್ ಇಟ್ಟು ಹಾಡಿಸುತ್ತಿದ್ದೆ. ಅಂದು ಊಟಕ್ಕೆ ಬಂದ ಮಹೇಶ ಅದನ್ನೇ ನೋಡುತ್ತ ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದನೇ ಹೊರತು ಏನೂ ಕೇಳಲಿಲ್ಲ. ಫೋನು ಬಂತೆಂದು ವರಾಂಡಕ್ಕೆ ಎದ್ದುಹೋದ. ಅವನ ಮೊಬೈಲು ಹಳೆಯ ಗೆಳೆತನ ಮರೆಯದೆ ಸ್ಟೀರಿಯೊ ಜೊತೆ ತಾನಾಗಿಯೇ ಬ್ಲೂಟೂತ್‌ನಲ್ಲಿ ಜೋಡಿಯಾಗಿತ್ತು. ಹೊರಗೆ ಅವನು “ಹಲೋ, ಹಲೋ” ಎನ್ನುತ್ತಿದ್ದ. ಒಳಗೆ ಅವನ ಹೆಂಡತಿ ನಮ್ಮನ್ನು ಗದರುತ್ತಿದ್ದಳು.

ನನ್ನ ಹೆಂಡತಿ ಪೆಟ್ಟಿಗೆಯ ಮೈಕಿನತ್ತ ಬಗ್ಗಿದಳು. “ಪೂಜೆಗಿಟ್ಟಿದ್ದನ್ನ ಇವತ್ತು ಅಲುಗಾಡಿಸಂಗಿಲ್ಲ ಕಣಮ್ಮ. ನಾಳೆ ನೀನೇ ಬಂದು ಊಟ ಮಾಡ್ಕೊಂಡು ತಗೊಂಡೋಗು.”

ಪೆಟ್ಟಿಗೆ ಅಷ್ಟೇ ದಪ್ಪ ದನಿಯಲ್ಲಿ, “ಅಯ್ಯೋ ಅತ್ತಿಗೆ... ಒಬ್ಬಟ್ಟು ಉಳಿದಿದ್ಯಾ?” ಎಂದಿತು.

ಮರುದಿನ ಇಬ್ಬರೂ ಬಂದು ಉಂಡು, ಸೆಟ್ಟು ಬಿಚ್ಚಿಕೊಂಡು ಹೋದರು. ಆ ದನಿಯ ಗುಡುಗನ್ನು ವೂಫರ್ ಸೇರಿಸಿತೋ ನನ್ನ ನೆನಪು ಸೇರಿಸಿತೋ, ಖಾತ್ರಿಯಿಲ್ಲ. ಈಗ ಆಕೆ ತನ್ನ ತೆಳ್ಳನೆಯ ದನಿಯಲ್ಲಿ “ಚೆನ್ನಾಗಿದೀರಾ ಅಣ್ಣ?” ಎಂದರೂ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.