ಒಂದೂ ನಿಲ್ಲಲಿಲ್ಲ

ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಹೆಂಗಸಿಗೆ ಎಲ್ಲರೂ ಸೇರಿ ಮೌನಗೌರಿ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು. ಅವಳಿಗೇನೂ ಜಂಬವಿರಲಿಲ್ಲ. ದಿನವಿಡೀ ಫ್ಯಾನುಗಳ ಗುಂಯ್‌ಗುಡುವ ಸದ್ದಿನಲ್ಲಿ ಕೂತವರಿಗೆ ಮಾತಿನ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ, ಅಷ್ಟೆ. ಮೇಲಿನ ಐದು ಮಹಡಿಗಳಲ್ಲಿ ನರ್ಸು, ಡಾಕ್ಟರು, ಔಷಧಿ ಕೌಂಟರಿನವರು ಒತ್ತುವ ಒಂದೊಂದು ಅಕ್ಷರವೂ ಇವಳ ಕೋಣೆಗೇ ಬಂದು ಸೇರುತ್ತಿತ್ತು. ಇವಳು ಮಾತ್ರ ಯಾರ ಕಣ್ಣಿಗೂ ಬಿದ್ದವಳಲ್ಲ.

ಆ ವರ್ಷ ಒಂದು ಕಾಯಂ ಹುದ್ದೆ ಮಂಜೂರಾಯಿತು. ಕಂಪ್ಯೂಟರ್ ವಿಭಾಗದ ಸಾಹೇಬರು ಇವಳನ್ನು ಕರೆಸಿ, ಎಂದೂ ಕೂರಿಸದವರು ಕುರ್ಚಿ ತೋರಿಸಿ ಕೂರಿಸಿದರು.

"ನೋಡಮ್ಮಾ, ಹಳೇ ಸ್ಟೋರೇಜ್ ಇನ್ನು ಹೆಚ್ಚು ದಿನ ತಡೆಯಲ್ಲ. ಅದರಲ್ಲಿರೋದನ್ನೆಲ್ಲ ಹೊಸದಕ್ಕೆ ಸಾಗಿಸ್ಬೇಕು. ಯಾವ ವಾರ್ಡಿನ ಕೆಲಸವೂ ನಿಲ್ಬಾರದು. ಒಂದೂ ನಿಲ್ಲದ ಹಾಗೆ ಮುಗಿಸಿಕೊಟ್ರೆ, ಆ ಹುದ್ದೆಗೆ ನಿಮ್ಮ ಹೆಸರೇ ಬರೀತೀನಿ."

"ಒಂದೂ ನಿಲ್ಲಲ್ಲ ಸರ್," ಎಂದಳು.

ಸಾಗಿಸುವುದೆಂದರೆ ಡಬ್ಬ ಎತ್ತಿ ಪಕ್ಕಕ್ಕಿಡುವುದಲ್ಲ. ದೊಡ್ಡ ಸರ್ವರ್ ಒಂದರೊಳಗೆ ಮೂವತ್ತು ನಲವತ್ತು ಕಂಪ್ಯೂಟರುಗಳು ನಿಜಕ್ಕೂ ಇದ್ದಂತೆಯೇ ಕೆಲಸ ಮಾಡುತ್ತವೆ, ಮುಟ್ಟಲು ಹೋದರೆ ಒಂದೂ ಇಲ್ಲ. ಅವನ್ನು ವರ್ಚುವಲ್ ಮೆಷಿನ್ ಎನ್ನುತ್ತಾರೆ. ಒಂದೊಂದರ ಡಿಸ್ಕೂ ಸ್ಟೋರೇಜಿನಲ್ಲಿರುವ ಒಂದು ಭಾರಿ ಫೈಲು. ಅಂಥವು ಇನ್ನೂರ ಹದಿನಾಲ್ಕು. ಹಳೆಯ ಫಾರ್ಮ್ಯಾಟಿನವು ತುಂಬಿರಲಿ ಖಾಲಿಯಿರಲಿ ತಮ್ಮ ಪಾಲಿನ ಜಾಗವನ್ನೆಲ್ಲ ಹಿಡಿದುಕೊಂಡು ಕೂತಿದ್ದವು. ಹೊಸ ಫಾರ್ಮ್ಯಾಟಿನವು ಬರೆದಷ್ಟಕ್ಕೆ ಮಾತ್ರ ಜಾಗ ಕೇಳುವಂಥವು. ಸಾಗಿಸುತ್ತಲೇ ಫಾರ್ಮ್ಯಾಟನ್ನೂ ಬದಲಿಸಬೇಕು, ಅದೂ ಮೆಷಿನ್ ನಡೆಯುತ್ತಿರುವಾಗಲೇ. ಮೇಲೆ ಔಷಧಿ ಬರೆದುಕೊಡುತ್ತಿರುವ ಡಾಕ್ಟರಿಗೆ ಏನೂ ಗೊತ್ತಾಗಬಾರದು.

ಎರಡು ತಿಂಗಳು ಕೂತು, ಕಂಪ್ಯೂಟರ್ ತಾನಾಗಿಯೇ ಪಾಲಿಸಬೇಕಾದ ಆಜ್ಞೆಗಳ ಸ್ಕ್ರಿಪ್ಟು ಬರೆದಳು. ಹೊಸ ಕಡೆ ಜಾಗವಿದೆಯೇ ನೋಡು. ಬ್ಯಾಕಪ್ ನಡೆಯುತ್ತಿರುವ ಮೆಷಿನ್ನನ್ನು ಸದ್ಯಕ್ಕೆ ಬಿಡು. ನಕಲು ಮಾಡು. ಅಷ್ಟರಲ್ಲಿ ಬದಲಾದದ್ದನ್ನು ಮತ್ತೆ ನಕಲು ಮಾಡು. ಹಳೆಯದೂ ಹೊಸದೂ ಸಮನಾದ ಗಳಿಗೆ ನೋಡಿ ಹೊಸದಕ್ಕೆ ದಾಟಿಸು. ಮನೆಯಲ್ಲಿ ಅನ್ನ ಬಡಿಸುವಾಗಲೂ ಅದೇ ಧ್ಯಾನ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳ ಗಂಡ ಎರಡನೆಯ ಸಲವೂ ಉಪ್ಪಿಲ್ಲದ ಸಾರು ಉಂಡು, "ನನ್ನನ್ನೂ ಹೊಸ ಫಾರ್ಮ್ಯಾಟಿಗೆ ಹಾಕ್ಬಿಡೇ, ಕಡಿಮೆ ತಿನ್ನೋ ಹಾಗೆ," ಎಂದ.

ನೂರ ಎಪ್ಪತ್ತು ಮೆಷಿನ್ನುಗಳು ಹಾಡುಹಗಲೇ, ಕಚೇರಿ ಹೊತ್ತಿನಲ್ಲೇ, ಒಬ್ಬರಿಗೂ ಸುಳಿವು ಸಿಗದಂತೆ ದಾಟಿದವು. ನೂರ ಎಪ್ಪತ್ತೊಂದನೆಯದು ಎಕ್ಸ್‌ರೇ ವಿಭಾಗದ್ದು. ಅದು ತಗಲಿಕೊಂಡಿತು. ನಕಲು ಶೇಕಡ ತೊಂಬತ್ತೊಂಬತ್ತಕ್ಕೆ ಬರುವುದು, ತೊಂಬತ್ತಾರಕ್ಕೆ ಜಾರುವುದು. ನಾಲ್ಕನೆಯ ಮಹಡಿಯಲ್ಲಿ ಟೆಕ್ನಿಷಿಯನ್ ಒಬ್ಬ ಹಳೆಯ ಫಿಲ್ಮುಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ತುರುಕುತ್ತಿದ್ದ. ಇವಳ ಸ್ಕ್ರಿಪ್ಟು ನಕಲು ಮಾಡುವುದಕ್ಕಿಂತ ಬೇಗ ಅವನು ತುಂಬುತ್ತಿದ್ದ. ಇಪ್ಪತ್ತು ಸುತ್ತು ಸೋತರೆ ಮೆಷಿನ್ನನ್ನು ನಿಲ್ಲಿಸಿ ನಕಲು ಮುಗಿಸು ಎಂದು ಅವಳೇ ಬರೆದಿದ್ದಳು. ಆಗಲೇ ಹದಿನಾರು ಸುತ್ತಾಗಿತ್ತು.

ಸ್ವಲ್ಪ ಹೊತ್ತು ಸ್ಕ್ಯಾನ್ ಮಾಡಬೇಡಿ ಎಂದು ಫೋನಿನಲ್ಲಿ ಹೇಳಿದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಅದು ಸೇವೆ ನಿಂತ ಲೆಕ್ಕ. ಫಾರಂ ತುಂಬಬೇಕು, ಸಾಹೇಬರ ಸಹಿ ಬೇಕು. ಒಂದೂ ನಿಲ್ಲಲಿಲ್ಲ ಎನ್ನುವ ಮಾತು ಅಲ್ಲಿಗೆ ಮಣ್ಣುಪಾಲು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು.

ಏದುಸಿರು ಬಿಡುತ್ತಾ ಅವನ ಮೇಜಿನ ಮುಂದೆ ನಿಂತವಳಿಗೆ ಏನು ಮಾತಾಡಬೇಕೆಂದೇ ತೋಚಲಿಲ್ಲ. ಅವನ ಕಾಲಿಗೆ ಕಟ್ಟಿದ್ದ ಪಟ್ಟಿ ಕಾಣಿಸಿತು.

"ಮಂಡಿ ನೋವಾ? ನಮ್ಮತ್ತೆಗೂ ಹೀಗೇ ಆಗಿತ್ತು," ಎಂದಳು.

ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಅವರಿಗೆ ಮಂಡಿ ನೋವು ಇರಲೇ ಇಲ್ಲ. ಇಲ್ಲದ ನೋವಿಗೆ ಇಲ್ಲದ ಎಣ್ಣೆ, ಇಲ್ಲದ ಡಾಕ್ಟರು, ಬಾಯಿಗೆ ಬಂದದ್ದೆಲ್ಲ ಹೇಳಿದಳು. ಅವನ ಕೈ ಸ್ಕ್ಯಾನರಿನತ್ತ ಹೋದಾಗಲೆಲ್ಲ ಇನ್ನೊಂದು ಪ್ರಶ್ನೆ. ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತನ್ನು ಹನ್ನೆರಡು ನಿಮಿಷದಲ್ಲಿ ಆಡಿ ಮುಗಿಸಿದಳು. ಕೊನೆಗೆ ಜೇಬಿನಲ್ಲಿ ಫೋನು ಒಮ್ಮೆ ನಡುಗಿತು. ದಾಟಿತ್ತು. ಮಾತನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದಳು. ತಿರುಗಿ ಬಂದು ಕುರ್ಚಿಯಲ್ಲಿ ಕೂತಾಗ ಖುಷಿಗೆ ಕಣ್ಣು ತುಂಬಿತ್ತು. ಉಳಿದ ನಲವತ್ತಮೂರೂ ಸಲೀಸಾಗಿ ಹೋದವು.

ಸಂದರ್ಶನಕ್ಕೆ ಬಂದವರು ಇಬ್ಬರು: ಇವಳು, ಮತ್ತು ಆಸ್ಪತ್ರೆಯ ಹಿಂಬದಿಯ ಕಟ್ಟಡದ ಸರ್ವರ್ ನೋಡಿಕೊಳ್ಳುವವನು. ಅವನೂ ತನ್ನ ಕಡೆಯ ಮೆಷಿನ್ನುಗಳನ್ನು ಸಾಗಿಸಲು ಹೊರಟು ಮೂರು ಸಲ ಎಲ್ಲವನ್ನೂ ಕೆಡವಿ, ವಾರ್ಡುಗಳ ಕೆಲಸ ನಿಲ್ಲಿಸಿದ್ದ. ಮೂರು ಸಲವೂ ಊಟ ಬಿಟ್ಟು ನಿಂತು ಎಬ್ಬಿಸಿದ್ದ. ಪ್ರತಿ ಸಲಕ್ಕೂ ವರದಿ, ಮೆಚ್ಚುಗೆ ಪತ್ರ. ಅರ್ಧಕ್ಕೆ ನಿಂತ ಸಾಗಣೆ ಇನ್ನೂ ಅರ್ಧಕ್ಕೇ ನಿಂತಿತ್ತು, ಆ ಮಾತು ಬೇರೆ.

ಸಮಿತಿಯ ಅಧ್ಯಕ್ಷರು ಇವಳ ಕಡತವನ್ನು ಹಿಂದೆ ಮುಂದೆ ತಿರುವಿದರು. "ಹನ್ನೊಂದು ವರ್ಷದಲ್ಲಿ ನೀವು ಬಗೆಹರಿಸಿದ ಒಂದು ತೊಂದರೆಯೂ ಇದರಲ್ಲಿ ಇಲ್ವಲ್ಲ?"

"ತೊಂದರೆ ಆಗೋಕೆ ಬಿಟ್ಟಿಲ್ಲ ಸರ್."

"ಒಂದು ದೂರು ಮಾತ್ರ ಇದೆ. ಕೆಲಸದ ಹೊತ್ತಲ್ಲಿ ಎಕ್ಸ್‌ರೇ ವಿಭಾಗಕ್ಕೆ ಹೋಗಿ ಹರಟೆ ಹೊಡೆದು, ಅವರ ಕೆಲಸ ಕೆಡಿಸಿದ್ರಿ ಅಂತ."

ಮೌನಗೌರಿಯ ಮೇಲೆ ಹರಟೆಯ ದೂರು.

"ಅವತ್ತು ಡಿಸ್ಕು ಸಮ ಆಗ್ತಿರಲಿಲ್ಲ ಸರ್. ಅವರು ಹತ್ತು ನಿಮಿಷ ಸ್ಕ್ಯಾನ್ ಮಾಡದೆ ಇದ್ರೆ ಸಾಕಿತ್ತು."

"ಅಂದ್ರೆ ತೊಂದರೆ ಇತ್ತು. ಯಾಕೆ ದಾಖಲೆ ಮಾಡಲಿಲ್ಲ?"

"ತೊಂದರೆ ಆಗಲಿಲ್ಲ ಸರ್."

"ಆಗಲಿಲ್ಲ ಅಂದ್ರೆ ಹರಟೆಗೇ ಹೋಗಿದ್ದು ಅಂತಾಯ್ತು."

ಅವಳು ಸಾಹೇಬರ ಮುಖ ನೋಡಿದಳು. ಸಮಿತಿಯಲ್ಲಿ ಅವರೂ ಕೂತಿದ್ದರು. ಅವರಿಗೆ ಅದೇ ಹೊತ್ತಿಗೆ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಹುದ್ದೆ ಹಿಂದಿನ ಕಟ್ಟಡದವನಿಗೆ ಹೋಯಿತು. ಆಸಾಮಿ ಕೆಟ್ಟವನಲ್ಲ. ಮೊದಲ ವಾರವೇ ಇವಳ ಕೋಣೆಗೆ ತಾನೇ ಬಂದು, "ಅಕ್ಕಾ, ನಮ್ಮ ಕಡೇವು ಅರುವತ್ತು ಮೆಷಿನ್ ಉಳಿದಿವೆ. ನಿಮ್ಮ ಸ್ಕ್ರಿಪ್ಟಲ್ಲಿ ನೀವೇ ಸಾಗಿಸಿಕೊಡಿ," ಎಂದ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಬೇಕಾದರೆ ಅವನದೇ ಸಹಿ. ಆಗಲಿ ಎಂದಳು. ಒಂಬತ್ತು ದಿನದಲ್ಲಿ ಅರುವತ್ತೂ ದಾಟಿದವು. ಒಂದೂ ನಿಲ್ಲಲಿಲ್ಲ.

ಆ ಸಂಜೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು: "ಒಂದನ್ನಾದ್ರೂ ಕೆಡವಬೇಕಿತ್ತು ಕಣ್ರೀ. ಬೇಕಂತಲೇ."

"ಅದು ನಿನ್ನ ಕೈಲಿ ಆಗಲ್ಲ, ಬಿಡು," ಎಂದ ಅವನು, ಸಮಾಧಾನಕ್ಕೆಂದೇ.

ಅವಳಿಗೆ ಚುಚ್ಚಿದ್ದು ಅದೇ. ಅಂದು ಮಧ್ಯಾಹ್ನ ಕೊನೆಯ ಮೆಷಿನ್ನಿಗೆ ನಿಲ್ಲು ಎನ್ನುವ ಕಮಾಂಡನ್ನು ಟೈಪ್ ಮಾಡಿ, ಎಂಟರ್ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅದು ಮಕ್ಕಳ ವಾರ್ಡಿನದು. ಒಂದೊಂದೇ ಅಕ್ಷರವಾಗಿ ಅಳಿಸಿಬಿಟ್ಟಿದ್ದಳು.