ಗಡಿ ದಾಟಿದ ಸಮೋಸ

ನಮ್ಮ ಯಜಮಾನರು ವಾಸುದೇವರಾಯರು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ನಿಜಾಮರ ಕಾಲದಲ್ಲಿ ಸೇಂದಿ, ಅಫೀಮು ಕದ್ದು ಗಡಿ ದಾಟಿಸುತ್ತಿದ್ದವರು, ಅವರಿಗಾದ ಶಿಕ್ಷೆ, ಇದೇ ಇವರ ಸಂಶೋಧನೆ. ಕಳ್ಳರ ಮೇಲೆ ದಪ್ಪ ದಪ್ಪ ಪುಸ್ತಕ ಬರೆದ ಈ ಮಹಾನುಭಾವರು ಸೇಂದಿಯ ವಾಸನೆಯನ್ನೂ ಕಂಡವರಲ್ಲ. ಇವರ ದುಶ್ಚಟ ಒಂದೇ: ಅಬಿಡ್ಸ್‌ನ ಇರಾನಿ ಹೋಟೆಲಿನ ಈರುಳ್ಳಿ ಸಮೋಸ.

ಚಾತುರ್ಮಾಸ ಬಂತೆಂದರೆ ನಮ್ಮ ಅತ್ತೆ ಯಮುನಾಬಾಯಿ ಈರುಳ್ಳಿಯನ್ನು ಹೊಸಿಲು ದಾಟಗೊಡುವುದಿಲ್ಲ. ಹೊರಗೂ ಯಾರೂ ತಿನ್ನಕೂಡದು. ತಪ್ಪಿದರೆ ಬೈಯುವುದಿಲ್ಲ, ಪ್ರಾಯಶ್ಚಿತ್ತವೆಂದು ತಾವೇ ಉಪವಾಸ ಕೂಡುತ್ತಾರೆ. ಎಂಬತ್ತು ದಾಟಿದ ಜೀವ, ಮೇಲೆ ಸಕ್ಕರೆ ಕಾಯಿಲೆ. ಹೋದ ವರ್ಷ ಹೀಗೇ ಕೂತು ತಲೆ ತಿರುಗಿ ಬಿದ್ದಿದ್ದರು. ಅಂದಿನಿಂದ ನನಗೆ ಎದೆ ಡವಡವ. ಇವರಿಗೂ ಹೆದರಿಕೆಯೇ, ಇವರ ನಾಲಿಗೆಗೆ ಮಾತ್ರ ಇಲ್ಲ. ಈ ಸಲ ಸಂಜೆ ಸಂಜೆ ಸಮೋಸ ಮುಗಿಸಿ, ಸುಲ್ತಾನ್ ಬಜಾರ್ ಸುತ್ತುಹಾಕಿ, ಏಲಕ್ಕಿ ಜಗಿಯುತ್ತ ಬಂದು ತಾಯಿಯ ಕಾಲಿಗೆ ಬೀಳುತ್ತಿದ್ದರು. ಮಗನ ಭಕ್ತಿ ನೋಡಿ ಅತ್ತೆಗೆ ಕಣ್ಣೀರು.

ಶ್ರಾವಣದಲ್ಲಿ ನಾಂಪಲ್ಲಿಯ ಸಭಾಂಗಣವೊಂದರಲ್ಲಿ ಇವರ ಉಪನ್ಯಾಸವಿತ್ತು. ಅತ್ತೆ ಮುಂದಿನ ಸಾಲಿನಲ್ಲೇ ಕೂತರು. ಮೈಕ್ ಸಿಕ್ಕರೆ ಇವರಿಗೆ ಮೈಮೇಲೆ ಎಚ್ಚರವಿರುವುದಿಲ್ಲ.

"ಕದ್ದು ಸಾಗಿಸಾಂವನ್ನ ಗುರ್ತು ಹಿಡಿಯೋದು ಭಾಳ ಸುಲಭ," ಎಂದರು. "ದಿನದ ದಾರಿ ಬಿಟ್ಟು ಸುತ್ತುಹಾಕಿ ಬರ್ತಾನ. ವಾಸನಿ ಬರಬಾರದಂತ ಬಾಯಾಗ ಏಲಕ್ಕಿ ಇಟ್ಕೋತಾನ. ಗಡಿ ಮುಟ್ಟಿದ ಕೂಡ್ಲೆ ಕಾವಲುಗಾರನ ಕಾಲಿಗೆ ಬೀಳ್ತಾನ!"

ಅತ್ತೆ ಕನ್ನಡಕ ಒರೆಸಿಕೊಂಡು ಮಗನನ್ನು ಹೊಸದಾಗಿ ನೋಡಿದರು. ಆಮೇಲೆ ಎದ್ದು ನಿಂತರು.

"ಹಂಗಾರ ಸಿಕ್ಕವಗ ಶಿಕ್ಷಾ ಏನ್ರಿ, ಪ್ರೊಫೆಸರ್ ಸಾಹೇಬ್ರ?"

"ಗಡೀಪಾರು!" ಎಂದು ಇವರು ಮೇಜು ಗುದ್ದಿದರು. ಕೇಳಿದವರು ಯಾರೆಂದು ಆಮೇಲೆ ನೋಡಿದರು.

ಆಟೋದಲ್ಲಿ ಇನ್ನು ಉಪವಾಸ ಶುರುವೆಂದು ನಾನು ಮನಸ್ಸಿನಲ್ಲೇ ಇವರಿಗೆ ಹಿಡಿಶಾಪ ಹಾಕುತ್ತಿದ್ದೆ. ಮನೆ ಮುಟ್ಟಿದ ಮೇಲೆ ಅತ್ತೆ ಎರಡು ತಟ್ಟೆ ಹಾಕಿದರು, ಒಂದು ಅಡುಗೆಮನೆಯ ಹೊಸಿಲ ಹೊರಗೆ, ಇನ್ನೊಂದು ಒಳಗೆ ತಮಗೆ. ನನಗೆ ಹೋದ ಜೀವ ಬಂದಂತಾಯಿತು.

"ಅವ್ವಾ, ನೀ ಉಪವಾಸ ಮಾಡೂದಿಲ್ಲ?" ಎಂದು ಇವರು ಕೇಳಿದರು.

"ಮಾಡಿದವಗೇ ಶಿಕ್ಷಾ ಅಂತ ನೀನ ಹೇಳಿದ ಮ್ಯಾಲ ನಾ ಯಾಕ ಹಸ್ಕೊಂಡು ಸಾಯ್ಲಿ? ಚಾತುರ್ಮಾಸ ಮುಗಿಯೋತನಕ ನಿನ್ನ ಊಟ ಹೊರಗ."

ಇವರು ಹೊರಗಿನ ತಟ್ಟೆಯ ಮುಂದೆ ಕೂತರು. ಎಲ್ಲರದೂ ಮುಗಿದ ಮೇಲೆ ಒಬ್ಬರೇ ಉಣ್ಣುವ ಅತ್ತೆ ಅಂದು ಮಗನ ಎದುರಿಗೇ, ಹೊಸಿಲ ಈಚೆ ಕೂತರು.

"ನೀವ್ಯಾಕ ಇಲ್ಲಿ ಕೂತ್ರಿ, ಅತ್ತಿ?" ಎಂದೆ.

"ಗಡಿ ಅಂದ ಮ್ಯಾಲ ಕಾವಲು ಬ್ಯಾಡೇನು?" ಎನ್ನುತ್ತ ಅತ್ತೆ ಹೊಸಿಲಾಚೆ ಕೈಚಾಚಿ ಮಗನ ಅನ್ನಕ್ಕೆ ಇನ್ನಷ್ಟು ತುಪ್ಪ ಸುರಿದರು.