ಬೊನೊಬೊ ಹೆಣ್ಣುಗಳ ಪಾಠ

ಗೆಳತಿಯರೇ, ಇವತ್ತು ರಾಮದುರ್ಗದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಾನರಗಳ ಬಗ್ಗೆ ಹೇಳುತ್ತಿದ್ದೆ. ಚಿಂಪಾಂಜಿಗಳಲ್ಲಿ ಗಂಡಿನದೇ ದರ್ಬಾರು. ಅವುಗಳ ಹತ್ತಿರದ ಬಳಗವಾದ ಬೊನೊಬೊಗಳಲ್ಲಿ ಹಾಗಲ್ಲ, ಗಂಡೊಂದು ಹೆಣ್ಣಿನ ಮೇಲೆ ದಾಳಿಗೆ ಹೋದರೆ ಉಳಿದ ಹೆಣ್ಣುಗಳು ಒಟ್ಟಾಗಿ ಬಂದು ಅದನ್ನು ಓಡಿಸುತ್ತವೆ ಎಂದೆ.

ರೇಣುಕಾ ಎದ್ದು ನಿಂತಳು. "ಟೀಚರ್, ಮನುಷ್ಯಾರು ಅವಕ್ಕಿಂತ ಶಾಣ್ಯಾರಲ್ರಿ?"

"ಹೌದವಾ, ಭಾಳ ಶಾಣ್ಯಾರು."

"ಮತ್ತ ನಿನ್ನೆ ಸಂಜಿಕ ನಮ್ಮಪ್ಪ ಅವ್ವಗ ಹೊಡಿಯಾಕತ್ತಾಗ ನೀವ್ಯಾಕ ಬರಲಿಲ್ರಿ? ಬಾಜೂ ಮನಿಯವ್ರು ನೀವ ಅಲ್ರಿ?"

ಇಡೀ ತರಗತಿ ನನ್ನನ್ನೇ ನೋಡಿತು. "ಕುಂದರವಾ" ಎಂದಷ್ಟೇ ಹೇಳಿ, ಬೋರ್ಡಿನತ್ತ ತಿರುಗಿ ಬರೆದದ್ದನ್ನೆಲ್ಲ ಒರೆಸಿದೆ.

ಆ ಚೀರಾಟ ನನಗೆ ಚೆನ್ನಾಗಿಯೇ ಕೇಳಿಸಿತ್ತು. ಎದ್ದುಹೋಗಿ ಟಿವಿಯ ದನಿ ಏರಿಸಿದ್ದೆ. ಅಷ್ಟು ಬುದ್ಧಿ ಪಾಪ, ಬೊನೊಬೊಗಳಿಗೆ ಇನ್ನೂ ಬಂದಿಲ್ಲ.